ಮೂರು ಪ್ಲೇಟ್ ಗ್ಯೋಜಾ, ಒನ್ ಬೈ ಟು

ಹೋದ ತಿಂಗಳು ಆಫೀಸ್ ಕೆಲಸಕ್ಕೆ ಟೋಕಿಯೊಗೆ ಹೋಗಿದ್ದೆ. ಮೈಸೂರಿನ ಹಾಸ್ಟೆಲ್‌ನಲ್ಲಿ ಮೂರು ವರ್ಷ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಗೆಳತಿ ಈಗ ಅಲ್ಲೇ ಇದ್ದಾಳೆ. "ಭಾನುವಾರ ಖಾಲಿ ಇಟ್ಕೋ ಕಣೇ, ಉತ್ಸುನೊಮಿಯಾಗೆ ಹೋಗಿ ಗ್ಯೋಜಾ ತಿನ್ನೋಣ" ಅಂತ ಮೊದಲೇ ಹೇಳಿದ್ದಳು. ಆ ಊರು ಟೋಕಿಯೊದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್. ಶಿಂಕಾನ್‌ಸೆನ್, ಅಂದರೆ ಬುಲೆಟ್ ರೈಲು ಹತ್ತಿದರೆ 50 ನಿಮಿಷ.

ಗ್ಯೋಜಾ ಅಂದರೆ ನೋಡಲು ನಮ್ಮ ಕರ್ಜಿಕಾಯಿ ಥರವೇ. ತೆಳು ಹಿಟ್ಟಿನ ಹಾಳೆ, ಒಳಗೆ ಸಣ್ಣಗೆ ಹೆಚ್ಚಿದ ಹಂದಿ ಮಾಂಸ, ಕೋಸು, ಶುಂಠಿ, ಬೆಳ್ಳುಳ್ಳಿ, ಮತ್ತೆ ನಿರಾ ಎಂಬ ಘಾಟಿನ ಸೊಪ್ಪು. ಮೂಲ ಚೀನಾದ್ದು. ಉತ್ಸುನೊಮಿಯಾದಲ್ಲಿ ಜಪಾನ್ ಸೇನೆಯ 14ನೇ ಡಿವಿಷನ್ ಇತ್ತು. ಅದರ ಸೈನಿಕರು ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಇದನ್ನು ತಿಂದು ಕಲಿತು, ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿಗೆ ತಂದರು ಅಂತ ಹೇಳುತ್ತಾರೆ. ಈಗ ಇಡೀ ಊರೇ ಗ್ಯೋಜಾ ಊರು. ಸ್ಟೇಷನ್ ಹತ್ತಿರ ಗ್ಯೋಜಾದ ಹಾಳೆ ಹೊದ್ದ ವೀನಸ್‌ನ ಕಲ್ಲಿನ ಮೂರ್ತಿಯೇ ಇದೆ! 2008ರಲ್ಲಿ ಜಾಗ ಬದಲಿಸುವಾಗ ಅದು ಎರಡು ತುಂಡಾಗಿತ್ತಂತೆ. ಬಿಸಾಡಲಿಲ್ಲ, ಜೋಡಿಸಿ ಮತ್ತೆ ನಿಲ್ಲಿಸಿದ್ದಾರೆ. ನನಗೆ ಅದು ತುಂಬಾ ಹಿಡಿಸಿತು.

ನಾವು ಹೋಗಿದ್ದು ಮಿನ್‌ಮಿನ್‌ಗೆ. 1958ರಲ್ಲಿ ಶುರುವಾದ ಅಂಗಡಿ. ಹೊರಗೆ ಉದ್ದ ಕ್ಯೂ. ಮುಕ್ಕಾಲು ಗಂಟೆ ನಿಂತೆವು. ಒಳಗೆ ಕೂತ ಮೇಲೆ ಮೆನು ನೋಡಿದರೆ ಗ್ಯೋಜಾ ಇರುವುದು ಮೂರೇ ಬಗೆ. ಯಾಕಿ, ಅಂದರೆ ಕಾವಲಿಯಲ್ಲಿ ಸುಟ್ಟಿದ್ದು. ಆಗೆ, ಎಣ್ಣೆಯಲ್ಲಿ ಕರಿದಿದ್ದು. ಸುಯಿ, ನೀರಲ್ಲಿ ಬೇಯಿಸಿದ್ದು. ಜೊತೆಗೆ ಬೇಕಿದ್ದರೆ ಅನ್ನ, ಬಿಯರ್. ನನಗೆ ತಕ್ಷಣ ಮೈಸೂರು ನಜರಾಬಾದಿನ ಮೈಲಾರಿ ಹೋಟೆಲ್ ನೆನಪಾಯಿತು. ಅಲ್ಲೂ ಅಷ್ಟೇ, ದೋಸೆ ಇಲ್ಲಾ ಇಡ್ಲಿ. ಏನು ತಿನ್ನೋದು ಅಂತ ಯೋಚಿಸುವ ಕೆಲಸವೇ ಇಲ್ಲ.

ಒಂದು ಪ್ಲೇಟಿಗೆ ಆರು. ಮೂರು ಬಗೆಯೂ ಒಂದೊಂದು ಪ್ಲೇಟ್ ಹೇಳಿದೆವು. "ಮೂರು ನಿಂಗೆ, ಮೂರು ನಂಗೆ" ಅಂದಳು. ಹಾಸ್ಟೆಲ್ ದಿನಗಳಲ್ಲಿ ಕಾಫಿ, ಮಸಾಲೆಪುರಿ ಎಲ್ಲಾ ನಮ್ಮದು ಬೈ ಟು ಲೆಕ್ಕವೇ ಆಗಿತ್ತು.

ಯಾಕಿ ಮೊದಲು ಬಂತು. ಕಾವಲಿಗೆ ಎಣ್ಣೆ ಹಾಕಿ, ಗ್ಯೋಜಾ ಸಾಲಾಗಿ ಜೋಡಿಸಿ, ನೀರು ಸುರಿದು ಮುಚ್ಚಳ ಮುಚ್ಚುತ್ತಾರೆ. ಆವಿಯಲ್ಲಿ ಬೇಯುತ್ತದೆ. ನೀರೆಲ್ಲ ಆರಿದ ಮೇಲೆ ತಳ ಕೆಂಪಗೆ ಗರಿಗರಿಯಾಗುತ್ತದೆ. ಒಂದೇ ತುತ್ತಿನಲ್ಲಿ ತಳ ದೋಸೆಯ ಹಾಗೆ, ಮೇಲೆ ಕಡುಬಿನ ಹಾಗೆ. ಸೋಯಾ ಸಾಸ್, ವಿನೆಗರ್, ರಾಯು ಎಂಬ ಖಾರದ ಎಣ್ಣೆ ಬೆರೆಸಿ ಅದ್ದಿಕೊಂಡು ತಿನ್ನಬೇಕು. ನಾನು ಕೊಡಗಿನವಳು. ಪಂದಿ ಕರಿಗೆ ಕಾಚಂಪುಳಿ ಬೀಳದಿದ್ದರೆ ಅದು ಊಟವೇ ಅಲ್ಲ ನಮಗೆ. ಹಂದಿಯ ಜಿಡ್ಡಿಗೆ ಹುಳಿ ಬೇಕೇ ಬೇಕು. ಅದು ಅವರಿಗೂ ಗೊತ್ತು, ಅಲ್ವಾ! ಸುಯಿ ಗ್ಯೋಜಾ ಬಿಸಿನೀರಿನ ಬಟ್ಟಲಲ್ಲೇ ಬರುತ್ತದೆ. ಸಾಸು, ಹುಳಿ, ಖಾರ ಎಲ್ಲಾ ಆ ನೀರಿಗೇ ಹಾಕಿಕೊಂಡು ಕೊನೆಗೆ ಕುಡಿದುಬಿಡಬಹುದು. ನನಗೆ ಮೂರರಲ್ಲಿ ಅದೇ ಹೆಚ್ಚು ಇಷ್ಟವಾಯಿತು.

ಕರಿದ ಪ್ಲೇಟಿನಿಂದ ಒಂದನ್ನು ಊಟದ ಕಡ್ಡಿಯಲ್ಲಿ (ಚಾಪ್‌ಸ್ಟಿಕ್) ಹಿಡಿದು ಅವಳ ಕಡ್ಡಿಗೆ ಕೊಡಲು ಹೋದೆ. ಅವಳು ಬೇಗ ತಟ್ಟೆ ಮುಂದೆ ಹಿಡಿದಳು. "ಕಡ್ಡಿಯಿಂದ ಕಡ್ಡಿಗೆ ಕೊಡಬಾರದು ಕಣೇ. ಇಲ್ಲಿ ಹೆಣ ಸುಟ್ಟ ಮೇಲೆ ಮೂಳೆ ಆರಿಸುವಾಗ ಮನೆಯವರು ಹಾಗೆ ಮಾಡ್ತಾರೆ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹೋದ ಡಿಸೆಂಬರ್‌ನಲ್ಲಿ ಅವರಪ್ಪ ತೀರಿಕೊಂಡರು. ಇವಳು ಮನೆ ಮುಟ್ಟುವ ಹೊತ್ತಿಗೆ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಆಗಿತ್ತು. "ನಾನು ಅಪ್ಪನ್ನ ಮುಟ್ಟಲೇ ಇಲ್ಲ" ಅಂದಳು. ಹತ್ತು ತಿಂಗಳಲ್ಲಿ ನಾವು ಎಷ್ಟು ಸಲ ಫೋನಲ್ಲಿ ಮಾತಾಡಿದ್ದೇವೆ! ಒಂದು ಸಲವೂ ಈ ಮಾತು ಬಂದಿರಲಿಲ್ಲ. ನಾನು ಏನೂ ಹೇಳಲಿಲ್ಲ. ಅವಳ ಪಾಲಿನ ಗ್ಯೋಜಾ ಅವಳ ಕಡೆಗೆ ತಳ್ಳಿದೆ. ಅಳುತ್ತಲೇ ತಿಂದಳು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿಗೆ ವಾಪಸ್ ಬಂದ ವಾರವೇ ಅಮ್ಮನ ಜೊತೆ ಒಂದು ಹೋಟೆಲಿಗೆ ಹೋಗಿದ್ದೆ. ಹದಿನಾಲ್ಕು ಪುಟದ ಮೆನು. ಅಮ್ಮ ಸೂಪು ಬೈ ಟು ಕೇಳಿದರು. "ಬೈ ಟು ಕೊಡಲ್ಲ ಮೇಡಂ, ಒಬ್ಬೊಬ್ಬರು ಒಂದೊಂದು ತಗೋಬೇಕು" ಅಂದರು. ಅಮ್ಮ ಮುದುಡಿಕೊಂಡು "ಹಾಗಾದ್ರೆ ಬೇಡ ಬಿಡು" ಅಂದರು. ಬಾಡಿಗೆ ಜಾಸ್ತಿ, ಟೇಬಲ್ ಬೇಗ ಖಾಲಿಯಾಗಬೇಕು, ಹೋಟೆಲ್‌ನವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಬೈ ಟು ಕೇಳುವವರು ದುಡ್ಡು ಉಳಿಸಲಿಕ್ಕಷ್ಟೇ ಕೇಳುತ್ತಾರೆ ಅಂದುಕೊಳ್ಳಬೇಡಿ. ಒಂದೇ ತಟ್ಟೆಗೆ ಇಬ್ಬರು ಕೈ ಹಾಕಿದಾಗ ಆಡುವ ಮಾತು ಬೇರೆ. ಎರಡು ಬೇರೆ ತಟ್ಟೆ ಇಟ್ಟುಕೊಂಡು ಎದುರು ಬದುರು ಕೂತಾಗ ಆಡುವ ಮಾತು ಬೇರೆ. ಬೈ ಟು ನಮ್ಮ ಊರಿನ ಹೋಟೆಲುಗಳೇ ಬೆಳೆಸಿದ ಒಳ್ಳೆಯ ಅಭ್ಯಾಸ. ದಯವಿಟ್ಟು ಅದನ್ನು ನಿಲ್ಲಿಸಬೇಡಿ. ಎರಡು ಪುಟ್ಟ ಬಟ್ಟಲು ಕೊಟ್ಟರೆ ಸಾಕು.

ಮಿನ್‌ಮಿನ್‌ನಲ್ಲಿ ನಾವು ಕೂತಿದ್ದು ಅರ್ಧ ಗಂಟೆಗಿಂತ ಹೆಚ್ಚಿಲ್ಲ. ಹೊರಗೆ ಜನ ಕಾಯುತ್ತಿದ್ದರು, ಎದ್ದು ಜಾಗ ಬಿಟ್ಟೆವು. ಡಿಸೆಂಬರ್‌ನಲ್ಲಿ ಅಪ್ಪನ ವರ್ಷದ ಕಾರ್ಯಕ್ಕೆ ಅವಳು ಮೈಸೂರಿಗೆ ಬರುತ್ತಿದ್ದಾಳೆ. ಈ ಸಲ ಪಶ್ಚಿಮವಾಹಿನಿಗೆ ನಾನೂ ಜೊತೆಗೆ ಹೋಗುತ್ತೇನೆ. ಮಾರನೇ ದಿನ ಬೆಳಿಗ್ಗೆ ಮೈಲಾರಿ ಅಂತ ರೈಲಿನಲ್ಲೇ ಮಾತಾಗಿದೆ.