ಒರೆಸುವ ಬಟ್ಟೆಗೆ ಸಪೋರ್ಟ್ ಇದೆ, ಬಳ್ಳಾರಿಗೆ ಇಲ್ಲ

ನಮ್ಮ ಓಣಿಯ ಹುಡುಗ ಮದುವೆ ವಿಡಿಯೋ ಎಡಿಟ್ ಮಾಡುತ್ತಾನೆ. ಅವನದೊಂದು ಕರಿ ಡಬ್ಬದ ಕಂಪ್ಯೂಟರ್ ಇದೆ. ಒಂದು ಬದಿಯ ಮುಚ್ಚಳ ಯಾವಾಗಲೂ ತೆಗೆದೇ ಇರುತ್ತದೆ, ಎದುರಿಗೆ ಟೇಬಲ್ ಫ್ಯಾನ್ ಗಿರಗಿರ ಅನ್ನುತ್ತಿರುತ್ತದೆ. ಆನ್ ಮಾಡಿದರೆ ಪರದೆಯ ಮೇಲೆ ಬಿಳಿ ಸೇಬು ಮೂಡುತ್ತದೆ. ಸೇಬಿಗೂ ಡಬ್ಬಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಬೇರೆ ಬೇರೆ ಅಂಗಡಿಯಿಂದ ಬಿಡಿ ಸಾಮಾನು ತಂದು, ಮನೆಯಲ್ಲೇ ಜೋಡಿಸಿ, ಅದರೊಳಗೆ ಆಪಲ್‌ನ ಮ್ಯಾಕ್‌ಓಎಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಕೂರಿಸಿದ್ದಾನೆ. ಇದಕ್ಕೆ ಹ್ಯಾಕಿಂತೋಷ್ ಅಂತ ಹೆಸರು. ಅವನ ಅಮ್ಮ ಬಹಳ ದಿನ ಅದು ಸಂತೋಷ್ ಅನ್ನುವ ಗೆಳೆಯನ ಕಂಪ್ಯೂಟರ್ ಅಂದುಕೊಂಡಿದ್ದರು.

ಈ ಹುಡುಗನ ಮುಖ ಸಪ್ಪಗಾಗಿದೆ. ಕಾರಣ ಇಷ್ಟು. ಅವನ ಡಬ್ಬದಲ್ಲಿರುವಂಥ ಇಂಟೆಲ್ ಚಿಪ್ಪಿನ ಯಂತ್ರಗಳಿಗೆ ಮ್ಯಾಕ್‌ಓಎಸ್‌ನ 'ಟಾಹೋ' ಆವೃತ್ತಿಯೇ ಕೊನೆ ಅಂತ ಆಪಲ್ 2025ರ ಜೂನ್‌ನಲ್ಲಿ ಹೇಳಿಬಿಟ್ಟಿತು. ಇನ್ನು ಮುಂದಿನದೆಲ್ಲ ಅವರದೇ ಚಿಪ್ಪಿಗೆ. ಆ ಚಿಪ್ಪು ನಮ್ಮ ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದಿಲ್ಲ.

ಹಾಗೆ ನೋಡಿದರೆ ಆಪಲ್ ದೊಡ್ಡ ಮನಸ್ಸಿನದು. 2006ರಲ್ಲಿ ಅದು ಇಂಟೆಲ್ ಚಿಪ್ ಹಾಕತೊಡಗಿದಾಗ, ಅದರ ಯಂತ್ರಕ್ಕೂ ನಮ್ಮ ಡಬ್ಬಕ್ಕೂ ಒಳಗಿನ ಸರಕಿನಲ್ಲಿ ಅಂಥ ವ್ಯತ್ಯಾಸ ಉಳಿಯಲಿಲ್ಲ. ಹಾಗಾದರೆ ಬೀಗ ಬೇಡವೇ? ಹಾಕಿತು. ಏನು ಬೀಗ ಅಂತೀರಿ? ಪದ್ಯ! ಯಂತ್ರದ ಒಂದು ಪುಟ್ಟ ಚಿಪ್ಪಿನಲ್ಲಿ ಇಂಗ್ಲಿಷಿನ ಒಂದು ಸಾಲು ಬಚ್ಚಿಟ್ಟಿತು. ಅದರ ಅರ್ಥ ಇಷ್ಟು: ನಮ್ಮ ಬೆವರಿನ ದುಡಿಮೆಗೆ ಈ ಮಾತುಗಳೇ ಕಾವಲು, ದಯವಿಟ್ಟು ಕದಿಯಬೇಡಿ. ಯಂತ್ರ ಆ ಸಾಲನ್ನು ಒಪ್ಪಿಸಿದರೆ ಒಳಗೆ ಪ್ರವೇಶ. ಇಲ್ಲವಾದರೆ ಇಲ್ಲ. ಇದನ್ನು ನೋಡಿಕೊಳ್ಳುವ ಫೈಲಿನ ಹೆಸರೇ 'ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್'. ನಮ್ಮ ಕಡೆ ಅರವಟ್ಟಿಗೆಯ ಸ್ಟೀಲ್ ಲೋಟಕ್ಕೂ ಸರಪಳಿ ಇರುತ್ತದೆ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದು ಮಾತ್ರ ಕೈಮುಗಿದು ಪದ್ಯ ಹೇಳಿ ಸುಮ್ಮನಾಯಿತು. ಹುಡುಗರು ಪದ್ಯ ಬಾಯಿಪಾಠ ಮಾಡಿದರು. ನಮ್ಮ ಶಾಲೆಗಳಲ್ಲಿ ನಡೆಯುವುದೂ ಅದೇ, ಅಲ್ವಾ?

ಪದ್ಯ ಒಪ್ಪಿಸಿದರೆ ಸಾಲದು, ತಾನು ಆಪಲ್‌ನ ಇಂಥ ಮಾಡೆಲ್ ಅನ್ನುವ ಗುರುತಿನ ಚೀಟಿಯೂ ಬೇಕು. ಓಪನ್‌ಕೋರ್ ಅನ್ನುವ ತಂತ್ರಾಂಶ ಅದನ್ನು ಮಾಡಿಸಿಕೊಡುತ್ತದೆ. ನಮ್ಮ ಹುಡುಗನ ಡಬ್ಬ ಮೊದಲು 'ನಾನು 2019ರ ಐಮ್ಯಾಕ್' ಅನ್ನುತ್ತಿತ್ತು. ಟಾಹೋ ಬಂದು 2019ರ ಐಮ್ಯಾಕನ್ನು ಹೊರಗಿಟ್ಟ ಮೇಲೆ 'ಇಲ್ಲ ಇಲ್ಲ, ನಾನು 2020ರದ್ದು' ಅನ್ನತೊಡಗಿದೆ. ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಬಿಪಿಎಲ್ ಕಾರ್ಡ್ ಮಾಡಿಸಿದವರನ್ನು ಕಂಡ ನಮಗೆ ಇದೇನು ಹೊಸದಲ್ಲ. ಇಲ್ಲಿ ವ್ಯವಹಾರ ಉಲ್ಟಾ ಅಷ್ಟೆ, ಬಡವ ತಾನು ಸಾಹುಕಾರ ಅಂತ ಕಾರ್ಡ್ ಮಾಡಿಸಿದ್ದಾನೆ.

ಕದ್ದ ಹಾಗಾಗಲಿಲ್ಲವೇ ಅಂತ ಕೇಳುವವರು ಇದ್ದಾರೆ. 2013ರಿಂದ ಮ್ಯಾಕ್‌ಓಎಸ್‌ಗೆ ದುಡ್ಡೇ ಇಲ್ಲ, ಪುಕ್ಕಟೆ. ಆದರೆ ಆಪಲ್ ಬ್ರ್ಯಾಂಡಿನ ಕಂಪ್ಯೂಟರಿನಲ್ಲಿ ಮಾತ್ರ ಹಾಕಿಕೊಳ್ಳಿ ಅನ್ನುತ್ತದೆ ಕರಾರು. ಅಮೆರಿಕದ ಫ್ಲಾರಿಡಾದಲ್ಲಿ ಸೈಸ್ಟಾರ್ ಅಂತ ಒಂದು ಕಂಪನಿ 2008ರಲ್ಲಿ ಇಂಥ ಡಬ್ಬಗಳನ್ನು ಮಾರಲು ಕೂತಿತು, ಮರು ವರ್ಷ ಕೋರ್ಟು ಎಬ್ಬಿಸಿ ಕಳಿಸಿತು. ನಮ್ಮ ಹುಡುಗ ಕರಾರನ್ನು ಗೌರವಿಸಿ, ಯಾರದೋ ಫೋನಿನ ಡಬ್ಬದಲ್ಲಿದ್ದ ಸೇಬಿನ ಸ್ಟಿಕ್ಕರ್ ತಂದು ಕ್ಯಾಬಿನೆಟ್ಟಿಗೆ ಅಂಟಿಸಿದ್ದಾನೆ. ಈಗ ಬ್ರ್ಯಾಂಡೂ ಆಯಿತು.

ಬ್ರ್ಯಾಂಡ್ ಅಂದಾಗ ನೆನಪಾಯಿತು. 2021ರಲ್ಲಿ ಆಪಲ್ ಪರದೆ ಒರೆಸುವ ಒಂದು ಬಟ್ಟೆ ಬಿಟ್ಟಿತು. ಬೆಲೆ 1,900 ರೂಪಾಯಿ. ಅಂಗೈ ಅಗಲದ ಬಿಳಿ ಬಟ್ಟೆ, ಮೂಲೆಯಲ್ಲಿ ಸೇಬಿನ ಗುರುತು. ಅದಿರಲಿ, ಆ ಬಟ್ಟೆಗೆ ಒಂದು ಪಟ್ಟಿಯೂ ಇತ್ತು: ಯಾವ ಯಾವ ಫೋನು, ಯಾವ ಯಾವ ಕಂಪ್ಯೂಟರ್ ಒರೆಸಲು ಇದು ಹೊಂದುತ್ತದೆ ಅಂತ. ಬಟ್ಟೆಗೆ! ನಾನು ಇದನ್ನು ಜೀನ್ಸ್ ಹೊಲಿಯುವ ನಮ್ಮ ಬಳ್ಳಾರಿಯಲ್ಲಿ ಕೂತು ಓದಿದೆ. ಇಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಗಂಟು ಕಟ್ಟಿ ತೂಕಕ್ಕೆ ಕೊಡುತ್ತಾರೆ. ಅದರಲ್ಲಿ ಬೈಕು ಒರೆಸುತ್ತೇವೆ, ಟೀವಿ ಒರೆಸುತ್ತೇವೆ, ಬಿಸಿ ಪಾತ್ರೆ ಇಳಿಸುತ್ತೇವೆ. ಒಂದು ತುಂಡೂ ಇಲ್ಲಿಯವರೆಗೆ 'ಈ ಮಾಡೆಲಿಗೆ ನಾನು ಹೊಂದುವುದಿಲ್ಲ' ಅಂದದ್ದಿಲ್ಲ. ಅದೇ ಕಂಪನಿ ಮ್ಯಾಕ್ ಪ್ರೋ ಕಂಪ್ಯೂಟರಿಗೆ ನಾಲ್ಕು ಚಕ್ರವನ್ನೂ ಮಾರಿತ್ತು, 699 ಡಾಲರಿಗೆ. ಮಿರ್ಚಿ ಬಂಡಿಯ ಯಜಮಾನರಿಗೆ ಹೇಳಿದೆ. ಅವರು ಬಾಣಲೆಯಿಂದ ಕಣ್ಣೆತ್ತದೆ, 'ಚಕ್ರದ ಜೊತೆ ಬಂಡಿನೂ ಕೊಡ್ತಾರೇನು?' ಅಂತ ಕೇಳಿದರು.

ಇನ್ನೊಂದು ವಿಷಯ ಓದಿದ ಮೇಲೆ ನನಗೆ ಜ್ಞಾನೋದಯವೇ ಆಯಿತು. ಆಪಲ್ ತನ್ನ ಲ್ಯಾಪ್‌ಟಾಪಿನ ವಿವರಗಳಲ್ಲಿ ಬರೆದಿರುವಂತೆ, ಅದನ್ನು ಬಳಸುವ ಜಾಗ 10ರಿಂದ 35 ಡಿಗ್ರಿಯೊಳಗೆ ಇರಬೇಕು. ಬಳ್ಳಾರಿಯಲ್ಲಿ ಏಪ್ರಿಲ್, ಮೇನಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ರಾಯಚೂರಿನವರನ್ನು ಕೇಳಿದರೆ ಅದೂ ತಂಪು ಅಂದಾರು. ಅಂದರೆ ಲಕ್ಷ ರೂಪಾಯಿ ಕೊಟ್ಟು, ಬಿಲ್ ಸಮೇತ ಅಸಲಿ ಮ್ಯಾಕ್ ತಂದವನೂ ಬೇಸಿಗೆಯ ಮಧ್ಯಾಹ್ನ ಎರಡು ಗಂಟೆಗೆ ಹ್ಯಾಕಿಂತೋಷಿನವನೇ! ಹುಡುಗನ ಡಬ್ಬಕ್ಕೆ ಸಪೋರ್ಟ್ ಇಲ್ಲ ಅಂತ ನಗುತ್ತಿದ್ದೆವು. ಊರಿಗೇ ಇಲ್ಲ.

ಅಸಲಿ ತಗೊಂಡವರ ಕಥೆ ಇನ್ನೂ ಚಂದ. 6,000 ಡಾಲರಿನಿಂದ ಶುರುವಾಗುವ ಇಂಟೆಲ್ ಮ್ಯಾಕ್ ಪ್ರೋವನ್ನು ಆಪಲ್ 2023ರ ಜೂನ್‌ವರೆಗೂ ಮಾರುತ್ತಲೇ ಇತ್ತು. ಎರಡು ವರ್ಷ ಕಳೆದ ಮೇಲೆ, ನಿಮಗೆ ಇದೇ ಕೊನೆಯ ಆವೃತ್ತಿ ಅಂದಿತು. ನಿಯಮ ಮುರಿದ ನಮ್ಮ ಹುಡುಗ, ನಿಯಮ ಪಾಲಿಸಿ ಚಕ್ರವನ್ನೂ ಕೊಂಡ ಸಾಹುಕಾರ, ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ. ಸಮಾನತೆ ಬಂತು ನೋಡಿ.

ಸಪೋರ್ಟ್ ಇಲ್ಲ ಅನ್ನುವ ಮಾತು ಕೇಳಿದರೆ ನನಗೆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಒಂದು ರೇಷನ್ ಅಂಗಡಿ ಮುಂದೆ ಒಬ್ಬ ಅಜ್ಜಿಯನ್ನು ನೋಡಿದೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ಬಿಡಿಸಿ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಯಂತ್ರ ಹೆಬ್ಬೆಟ್ಟು ತಗೊಳ್ಳಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತಿದರು. ಆ ಬೆರಳು, ಈ ಬೆರಳು. ಕೊನೆಗೆ 'ನಾಳೆ ಬಾ ಅಜ್ಜಿ' ಅಂದರು. ನಿನ್ನೆಯೂ ಹಾಗೇ ಅಂದಿದ್ದರಂತೆ. ದುಡಿದು ಸವೆದ ಬೆರಳು ಸರಿಯಿಲ್ಲ, ಯಂತ್ರ ಸರಿಯಿದೆ. ಇದರಲ್ಲಿ ವಿಡಂಬನೆ ಮಾಡಲು ಏನೂ ಇಲ್ಲ. ಸಿಟ್ಟು ಬರುತ್ತದೆ, ಅಷ್ಟೆ. ಸಿಟ್ಟು ಬಂದು ಬಂದು ಸಾಕಾಗಿದೆ.

ಇರಲಿ. ನಾನೂ ದೊಡ್ಡ ಮಾತಾಡುವ ಹಾಗಿಲ್ಲ. ಇದನ್ನು ಬರೆಯುತ್ತಿರುವುದು ವಿಂಡೋಸ್ 7ರಲ್ಲಿ, ನುಡಿ ಹಾಕಿಕೊಂಡು. ಅದರ ಸಪೋರ್ಟ್ 2020ರ ಜನವರಿ 14ಕ್ಕೇ ಮುಗಿದಿದೆ. ಯಂತ್ರಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ನಾನಾಗಿ ಹೇಳಿಲ್ಲ.

ಹುಡುಗನ ಕಂಪ್ಯೂಟರಿಗೆ ಮಾತ್ರ ನನ್ನಿಂದಲೇ ಒಂದು ಅನಾಹುತ ಆಗಿತ್ತು. ಅವನು ಚಹಾ ತರಲು ಹೋಗಿದ್ದ. ಪರದೆಯ ಮೇಲೆ ಕೆಂಪು ಚುಕ್ಕೆಯಲ್ಲಿ '1' ಅಂತ ಕಾಣಿಸಿತು. ಒಳ್ಳೆಯದಾಗಲಿ ಅಂತ ಅಪ್ಡೇಟ್ ಒತ್ತಿದೆ. ಸೇಬು ಬಂತು, ಅಲ್ಲೇ ನಿಂತಿತು, ಬೆಳಗಿನ ಜಾವದವರೆಗೂ ನಿಂತೇ ಇತ್ತು. ಒಂದು ಮದುವೆಯ ವಿಡಿಯೋ ಒಳಗೆ ಸಿಕ್ಕಿಕೊಂಡು, ಮದುಮಗನ ಮಾವನವರು ಮೂರು ಸಲ ಫೋನ್ ಮಾಡಿದರು.

ಮೊನ್ನೆ ಹೋದಾಗ ನೋಡಿದೆ. ಸೇಬಿನ ಸ್ಟಿಕ್ಕರಿನ ಕೆಳಗೆ ಹೊಸ ಚೀಟಿ ಅಂಟಿಸಿದ್ದಾನೆ, ದಪ್ಪ ಅಕ್ಷರದಲ್ಲಿ: 'ಕಷ್ಟಪಟ್ಟು ಮಾಡಿದ್ದು. ದಯವಿಟ್ಟು ಅಪ್ಡೇಟ್ ಒತ್ತಬೇಡಿ.'

'ಇದೂ ಪದ್ಯದ ಬೀಗವೇ ಆಯ್ತಲ್ಲೋ ತಮ್ಮಾ, ಯಾರಿಗೆ ಹಾಕಿದ್ದು?' ಅಂದೆ.

'ನಿಮಗೇ ಅಣ್ಣಾ' ಅಂದ.