ಎಕರೆಗೆ 33 ಲಕ್ಷ, ಊಟ ಸೇರಿ

ಕಳೆದ ವರ್ಷ ಆಗಸ್ಟ್‌ನಲ್ಲಿ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ ನಾನು ಲಕ್ಷಾಧೀಶನಾಗಿದ್ದೆ. ಕೊಡಗಿನ ಶನಿವಾರಸಂತೆ ಕಡೆಯ ಒಂದು ಕಲ್ಯಾಣ ಮಂಟಪ. ಹೊರಗೆ ಮಳೆ ಹೆಂಚು ಒಡೆಯುವ ಹಾಗೆ ಸುರಿಯುತ್ತಿತ್ತು. ಒಳಗೆ ಸ್ಟ್ರಾಬೆರಿ ಬೇಸಾಯದ ತರಬೇತಿ. ಫೀಸು 1,500 ರೂಪಾಯಿ, ಊಟ ಸೇರಿ.

ಕೋಟು ಹಾಕಿದ ಮೇಷ್ಟ್ರು ಬಿಳಿ ಬೋರ್ಡಿನ ಮೇಲೆ ಬರೆದರು. ಎಕರೆಗೆ 22,000 ಗಿಡ. ಗಿಡಕ್ಕೆ ಅರ್ಧ ಕಿಲೋ. ಒಟ್ಟು 11,000 ಕಿಲೋ. ಕಿಲೋಗೆ 300 ರೂಪಾಯಿ. ಅಲ್ಲಿಗೆ 33 ಲಕ್ಷ. ಕೊನೆಯ ಸೊನ್ನೆ ಬರೆಯುವಾಗ ಅವರ ಕೈ ನಡುಗಲಿಲ್ಲ, ನನ್ನ ಎದೆ ನಡುಗಿತು. ಮೂರು ತಲೆಮಾರಿನಿಂದ ಕಾಫಿ ಬೆಳೆದ ಮನೆ ನಮ್ಮದು. ಯಾರಿಗೂ ಗುಣಾಕಾರ ಬರುತ್ತಿರಲಿಲ್ಲ ಅಂತ ಅವತ್ತೇ ಗೊತ್ತಾಗಿದ್ದು.

ಪಕ್ಕದ ತೋಟದ ಮಾವ ನನ್ನ ಜೊತೆಗೇ ಬಂದಿದ್ದರು. ಎದ್ದು ನಿಂತು ಕಿಟಕಿ ಕಡೆ ಕೈ ತೋರಿಸಿದರು. "ಸಾರ್, ಈ ಮಳೆ ನಿಮ್ಮ ಲೆಕ್ಕದಲ್ಲಿ ಎಲ್ಲಿ ಬರುತ್ತೆ?"

"ಒಳ್ಳೆ ಪ್ರಶ್ನೆ. ಊಟ ಆದ್ಮೇಲೆ ಹೇಳ್ತೀನಿ."

ಊಟ ಚೆನ್ನಾಗಿತ್ತು. ಅಕ್ಕಿ ರೊಟ್ಟಿ, ಕಡಂಬಿಟ್ಟು, ಪಂದಿ ಕರಿ. ಕೈ ತೊಳೆದು ಬರುವಷ್ಟರಲ್ಲಿ ಮೇಷ್ಟ್ರ ಕಾರು ಗೇಟು ದಾಟಿತ್ತು. ಗಿಡ ಬುಕ್ ಮಾಡುವ ಟೇಬಲ್ ಮಾತ್ರ ಅಲ್ಲೇ ಇತ್ತು.

ಮಾವ ಬುಕ್ ಮಾಡಿಯೇ ಬಿಟ್ಟರು. ಕಾಲು ಎಕರೆಗೆ 5,500 ಗಿಡ, ಗಿಡಕ್ಕೆ 12 ರೂಪಾಯಿ. 66,000 ಅಲ್ಲೇ ಹೋಯಿತು. ಏರುಮಡಿ, ಅದರ ಮೇಲೆ ಹಾಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟು, ಡ್ರಿಪ್ ಬೇರೆ. ಬೋರ್ಡಿನ ಮೇಲೆ ಬರೆಯದ ಒಂದು ಮಾತು ಆಮೇಲೆ ಗೊತ್ತಾಯಿತು. ನಮ್ಮ ಕಡೆ ಈ ಗಿಡದ ಆಯಸ್ಸು ಒಂದು ಸೀಸನ್. ಮುಂದಿನ ಮಳೆಗಾಲಕ್ಕೆ ಅದರ ಕಥೆ ಮುಗಿಯುತ್ತದೆ, ಮತ್ತೆ ಗಿಡ ಕೊಳ್ಳಬೇಕು. ನಮ್ಮಜ್ಜ ನೆಟ್ಟ ರೊಬಸ್ಟಾ ಕಾಫಿ ಇನ್ನೂ ಕಾಯಿ ಬಿಡುತ್ತಿದೆ. ಪಾಪ, ಅಜ್ಜನಿಗೆ ನರ್ಸರಿ ಇಟ್ಟವರ ಕಷ್ಟ ಅರ್ಥವಾಗಿರಲಿಲ್ಲ.

ಅಕ್ಟೋಬರ್‌ನಲ್ಲಿ ನೆಟ್ಟಿದ್ದು ಡಿಸೆಂಬರ್‌ನಲ್ಲಿ ಕೆಂಪಾಯಿತು. ಮೊದಲು ನೋಡಿದ್ದು ಬಸವನಹುಳುಗಳು. ಶನಿವಾರಸಂತೆ ಕಡೆಯವರಿಗೆ ಆಫ್ರಿಕನ್ ಬಸವನಹುಳುವನ್ನು ಪರಿಚಯ ಮಾಡಿಸಬೇಕಾಗಿಲ್ಲ. ಕಾಫಿ ತೋಟಗಳಲ್ಲೇ ಅವುಗಳ ಕಾಟ ತಡೆಯಲಾಗದೆ ಹಿಡಿದು ಹಿಡಿದು ಮೂಟೆ ಕಟ್ಟಿದವರು ನಾವು. ಕಾಫಿ ಬುಡದಲ್ಲಿ ಒದ್ದಾಡಿಕೊಂಡಿದ್ದವಕ್ಕೆ ಮಾವ ಪ್ಲಾಸ್ಟಿಕ್ ಹಾಸಿ, ತಣ್ಣಗೆ ನೀರು ಬಿಟ್ಟು, ಸಿಹಿ ಹಣ್ಣು ಬಡಿಸಿದ್ದರು. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಹಣ್ಣಿನ ಕೆಂಪು ಭಾಗ ಖಾಲಿ, ತೊಟ್ಟು ಮಾತ್ರ ನೀಟಾಗಿ ಉಳಿದಿತ್ತು. ಒಂದೊಂದು ಹಣ್ಣಿಗೂ ಹೊಳೆಯುವ ಲೋಳೆಯ ಗೆರೆ, ಸಹಿ ಹಾಕಿದ ಹಾಗೆ.

ಉಳಿದದ್ದನ್ನು ಕುಯ್ಯಬೇಕಲ್ಲ, ಜನ ಎಲ್ಲಿ? ಆಗಲೇ ಅರೇಬಿಕಾ ಕುಯಿಲು. ಅದು ಮುಗಿದರೆ ರೊಬಸ್ಟಾ, ಅದರ ಬೆನ್ನಿಗೆ ಮೆಣಸು. ಸ್ಟ್ರಾಬೆರಿ ಆದರೆ ದಿನ ಬಿಟ್ಟು ದಿನ ಕುಯ್ಯಬೇಕು, ಅದೂ ಬಿಸಿಲೇರುವ ಮುಂಚೆ. ಬಾಳೆಕಾಯಿ ತರ ಬಲಿತಾಗ ಕಡಿದು ದಾರಿಯಲ್ಲಿ ಹಣ್ಣಾಗಲಿ ಅನ್ನುವ ಹಾಗಿಲ್ಲ. ಗಿಡದಿಂದ ಬಿಡಿಸಿದ ಮೇಲೆ ಅದು ಹಣ್ಣಾಗುವುದಿಲ್ಲ. ಹಣ್ಣಾದ ಮೇಲೆ ಬಿಡಿಸಿದರೆ, ಫ್ರಿಜ್ಜಿಲ್ಲದೆ ಎರಡು ದಿನ ತಡೆಯುವುದಿಲ್ಲ. ಬೆಂಗಳೂರು 200 ಕಿಲೋಮೀಟರ್‌ಗೂ ಜಾಸ್ತಿ.

ಮಾವ 200 ಗ್ರಾಮಿನ 40 ಡಬ್ಬಿ ರಾತ್ರಿ ಬಸ್ಸಿಗೆ ಹಾಕಿದರು. ಬೆಳಿಗ್ಗೆ ವ್ಯಾಪಾರಿಯ ಫೋನ್ ಬಂತು. "ಮೇಲಿನ ಸಾಲು ಹಣ್ಣು ಸಾರ್, ಕೆಳಗಿನ ಸಾಲು ಜ್ಯೂಸ್. ಹಣ್ಣಿಗೆ ದುಡ್ಡು ಹಾಕ್ತೀನಿ."

ಜನವರಿ ಬಂತು. ಮಹಾರಾಷ್ಟ್ರದ ಮಹಾಬಲೇಶ್ವರದ ಹಣ್ಣು ಲಾರಿಗಟ್ಟಲೆ ಇಳಿಯಿತು. ದೇಶದ ಸ್ಟ್ರಾಬೆರಿಯಲ್ಲಿ ಶೇಕಡ 80ಕ್ಕೂ ಹೆಚ್ಚು ಬೆಳೆಯುವ, 2010ರಲ್ಲೇ ಊರಿನ ಹೆಸರಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಪಡೆದ ಊರಿನ ಜೊತೆ ಮಾವನ ಕಾಲು ಎಕರೆ ಪೈಪೋಟಿಗೆ ಇಳಿದಿತ್ತು. ಬೋರ್ಡಿನ 300 ರೂಪಾಯಿ ಬೋರ್ಡಿನಲ್ಲೇ ಉಳಿಯಿತು.

ನಮಗೆ ಇದೇನು ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ ವೆನಿಲ್ಲಾ ಬಂದಿತ್ತಲ್ಲ. ಮಡಗಾಸ್ಕರ್‌ನಲ್ಲಿ ಬಿರುಗಾಳಿ ಬೀಸಿದರೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ. ಬೆಳಗಾಗೆದ್ದು ಕಡ್ಡಿ ಹಿಡಿದು ಹೂವಿಗೆ ನಾವೇ ಪರಾಗಸ್ಪರ್ಶ ಮಾಡುತ್ತಿದ್ದೆವು. ರಾತ್ರಿ ಬಳ್ಳಿಗೆ ಕಾವಲು. ಬೆಲೆ ಬಿದ್ದ ಮೇಲೆ ಕಳ್ಳರೂ ಬರಲಿಲ್ಲ. ಆಗಲೂ ಲಾಭ ಮಾಡಿದ್ದು ಬಳ್ಳಿಯ ತುಂಡು ಮಾರಿದವರು.

ಮಾವನ ಕೈ ಹಿಡಿದದ್ದು ಹಣ್ಣಲ್ಲ, ಹೋಂಸ್ಟೇಗೆ ಬಂದವರು. ಗೇಟಿಗೆ ಬೋರ್ಡ್ ಬಿತ್ತು: "ನೀವೇ ಕುಯ್ಯಿರಿ, ತಲೆಗೆ 150 ರೂಪಾಯಿ." ಕಾಫಿ ಕುಯ್ಯುವವರಿಗೆ ನಾವು ಕೂಲಿ ಕೊಡಬೇಕು. ಸ್ಟ್ರಾಬೆರಿ ಕುಯ್ಯುವವರು ನಮಗೇ ಕೂಲಿ ಕೊಡುತ್ತಾರೆ! ಒಬ್ಬೊಬ್ಬರು ಎರಡು ಹಣ್ಣು ಕುಯ್ದು ನಲವತ್ತು ಫೋಟೋ ತೆಗೆದರು. ಎರಡನೇ ಭಾನುವಾರಕ್ಕೆ ಗಿಡ ಬರಿದಾಯಿತು, ಜನ ಜಾಸ್ತಿಯಾದರು. ಮಾವ ಮೈಸೂರಿಗೆ ಹೋಗಿ ಮಹಾಬಲೇಶ್ವರದ ಡಬ್ಬಿಗಳನ್ನು ತಂದು ಗೇಟಿನಲ್ಲಿ ಜೋಡಿಸಿದರು. "ತೋಟದ ಹಣ್ಣು" ಅಂತ ಬರೆದರು.

"ಮಾವ, ಇದು ಮೋಸ ಅಲ್ವಾ?"

"ತೋಟದ್ದೇ ಅಲ್ವೇನೋ. ಯಾವ ತೋಟ ಅಂತ ಎಲ್ಲಿ ಬರೆದಿದ್ದೀನಿ?" ಅಂದರು. ನಾಗಪುರದ ಕಿತ್ತಳೆಯನ್ನು ರಸ್ತೆ ಬದಿಯಲ್ಲಿ ಕೊಡಗಿನ ಕಿತ್ತಳೆ ಅಂತ ಮಾರುವ ನಾಡಿನಲ್ಲಿ ಇದಕ್ಕೆ ಉತ್ತರ ಕೊಡುವುದು ಕಷ್ಟ.

ಫೆಬ್ರವರಿಯಲ್ಲಿ ಒಬ್ಬ ಹುಡುಗ ಮೈಕು ಹಿಡಿದು ಬಂದ. ಮಾವನ ಕೈಯಲ್ಲಿ ಎರಡು ಡಬ್ಬಿ ಇಟ್ಟು ವಿಡಿಯೋ ಮಾಡಿದ. "ಕಾಫಿಗೆ ಗುಡ್‌ಬೈ: ಸ್ಟ್ರಾಬೆರಿಯಲ್ಲಿ ಲಕ್ಷ ಲಕ್ಷ ಎಣಿಸುತ್ತಿರುವ ಕೊಡಗಿನ ರೈತ." ಮಾವ ಎಣಿಸಿದ್ದು ನಿಜ. ಸೊಸೈಟಿ ಸಾಲದ ಕಂತು ಎಷ್ಟು ಬಾಕಿ ಅಂತ.

ಆ ವಿಡಿಯೋ ಕೋಟಿನ ಮೇಷ್ಟ್ರ ಕಣ್ಣಿಗೂ ಬಿತ್ತು. ಈ ಆಗಸ್ಟ್‌ಗೆ ಮತ್ತೆ ತರಬೇತಿ, ಅದೇ ಮಂಟಪ. ಫೀಸು 2,000. ಸಾಧಕ ರೈತ ಅಂತ ಮಾವನಿಗೆ ಶಾಲು, ಹಾರ, ವೇದಿಕೆ ಮೇಲೆ ಕುರ್ಚಿ. ಅವರಿಗೆ ಫೀಸಿಲ್ಲ.

ನಿನ್ನೆ ಇಸ್ತ್ರಿ ಮಾಡಿದ ಶರ್ಟ್ ಹಿಡಿದುಕೊಂಡು ಬರುತ್ತಿದ್ದರು. ತಡೆಯಲಾಗದೆ ಕೇಳಿದೆ. "ಮಾವ, ಅಲ್ಲಿ ಯಾರಾದರೂ ಮಳೆ ವಿಷಯ ಕೇಳಿದರೆ?"

"ಕೇಳಲಿ," ಅಂದರು. "ಊಟ ಆದ್ಮೇಲೆ ಹೇಳ್ತೀನಿ."