17 ಗುರಿ, ಒಂದೇ ಹೆಗಲು

2015ರಲ್ಲಿ ವಿಶ್ವಸಂಸ್ಥೆಯಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನೂ 169 ಉಪಗುರಿಗಳನ್ನೂ ಹೆತ್ತವು. ಗಡುವು 2030. ಹೆತ್ತವರು ಮನೆಗೆ ಹೋದರು, ಕೂಸುಗಳು ಬಡ ದೇಶಗಳ ಸಮುದಾಯ ಶುಶ್ರೂಷಕಿಯ ಕಂಕುಳಿಗೆ ಬಂದವು. ಭಾಷಣಗಳಲ್ಲಿ ಆಕೆ ‘ಆರೋಗ್ಯ ವ್ಯವಸ್ಥೆಯ ಬೆನ್ನೆಲುಬು’. ಬೆನ್ನೆಲುಬಿಗೆ ಸಂಬಳ ಕೊಡುವ ಪದ್ಧತಿ ಯಾವ ದೇಹದಲ್ಲೂ ಇಲ್ಲವಲ್ಲ, ಬಿರುದು ಕೊಟ್ಟವರು ಯೋಚಿಸಿಯೇ ಕೊಟ್ಟಿದ್ದಾರೆ.

ಆಕೆಯ ಬೆಳಗನ್ನೇ ನೋಡಿ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಲಸಿಕೆ ಡಬ್ಬಿಗೆ ತುರುಕುವಂತಿಲ್ಲ. ಅದು ಬೆವರಬೇಕು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಎನ್ನಬೇಕು. ಅವಸರ ಮಾಡಿದರೆ ಐದು ರೋಗ ತಡೆಯುವ ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಅವುಗಳಿಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಬಿಸಿ ತಾಗಿದರೆ ಸೀಸೆಯ ಮೇಲಿನ, ಶಾಖಕ್ಕೆ ಬಣ್ಣ ಬದಲಿಸುವ ಚೌಕ ಕಪ್ಪಾಗಿ ಚಾಡಿ ಹೇಳುತ್ತದೆ; ಹೆಪ್ಪುಗಟ್ಟಿದರೆ ತುಟಿ ಬಿಚ್ಚುವುದಿಲ್ಲ. ಮೇಲಧಿಕಾರಿಯ ಕಣ್ಣಿಗೆ ಬೀಳುವುದು ಮಾತ್ರ ‘ಹೊರಟದ್ದು ಅರ್ಧ ಗಂಟೆ ತಡ’.

ಅಸಲಿ ಸರ್ಕಸ್ಸು 10 ಡೋಸಿನ ದಡಾರ-ರುಬೆಲ್ಲಾ ಸೀಸೆಯದು. ಪುಡಿಗೆ ದ್ರಾವಣ ಬೆರೆಸಿದ ಮೇಲೆ ಅದರ ಆಯುಷ್ಯ ಹೆಚ್ಚೆಂದರೆ 6 ಗಂಟೆ. ಬಂದದ್ದು ಮೂರೇ ಮಕ್ಕಳು ಎನ್ನಿ. ಸೀಸೆ ತೆರೆದರೆ 7 ಡೋಸ್ ಕಸಕ್ಕೆ, ‘ಪೋಲು’ ಕಾಲಂ ನೋಡುವವರಿಂದ ನೋಟಿಸು. ತೆರೆಯದೆ ಮಕ್ಕಳನ್ನು ವಾಪಸು ಕಳಿಸಿದರೆ ಎಷ್ಟು ಮಕ್ಕಳಿಗೆ ಲಸಿಕೆ ತಲುಪಿತೆಂಬ ‘ವ್ಯಾಪ್ತಿ’ ಕಾಲಂ ನೋಡುವವರಿಂದ ನೋಟಿಸು. ಎರಡಕ್ಕೂ ಸಹಿ ಒಬ್ಬರದೇ ಆಗಿರುವುದೂ ಉಂಟು. ಒಂದೇ ಮಗು ಬಂದರೂ ಸೀಸೆ ತೆರೆಯಿರಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಸಲಹೆ ಪೋಲಿನ ಕಾಲಮ್ಮಿನವರೆಗೆ ತಲುಪುವುದಿಲ್ಲ, ಬಹುಶಃ ಅದಕ್ಕೂ ಆಯುಷ್ಯ 6 ಗಂಟೆಯೇ.

ಇನ್ನು ಗರ್ಭಿಣಿಯ ಬಿಪಿ. 5 ನಿಮಿಷ ಸುಮ್ಮನೆ ಕೂರಿಸಿ ನೋಡಬೇಕು, 140/90 ಮುಟ್ಟಿದರೆ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ನೋಡುವುದು ಒಂದು ಸಲ, ಬರೆಯುವುದು ನಾಲ್ಕು ಕಡೆ: ರಿಜಿಸ್ಟರ್, ತಾಯಿಯ ಕಾರ್ಡು, ತಿಂಗಳ ವರದಿ, ದಾನಿಗಳ ಆಪ್. ತೋಳಿಗೆ ಸುತ್ತುವ ಪಟ್ಟಿಯ ವೆಲ್ಕ್ರೋ ಸವೆದು ಅಂಟದಿದ್ದರೂ ಕಾಲಂ ಖಾಲಿ ಬಿಡುವಂತಿಲ್ಲ, ಖಾಲಿ ಬಿಟ್ಟರೆ ಆಪ್ ಮುಂದಿನ ಪುಟಕ್ಕೇ ಹೋಗದು. ಹಾಗಾಗಿ ಪಟ್ಟಿ ಹರಿದ ಊರುಗಳಲ್ಲೆಲ್ಲ ಬಸುರಿಯರ ಬಿಪಿ 110/70ಕ್ಕೆ ಬಂದು ಪರಮ ಶಾಂತವಾಗಿರುತ್ತದೆ. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 70ಕ್ಕಿಂತ ಕೆಳಗಿಳಿಯಬೇಕೆಂಬ ಗುರಿಯತ್ತ ಗ್ರಾಫು ಸುಂದರವಾಗಿ ಜಾರುತ್ತದೆ.

ಜಗತ್ತಿಗೆ 59 ಲಕ್ಷ ಶುಶ್ರೂಷಕರ ಕೊರತೆಯಿದೆ, ಅದರಲ್ಲಿ ಶೇ 89 ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳದ್ದೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಲೆಕ್ಕ ಕೊಟ್ಟಿತ್ತು. ವಿಷಯ ಗಂಭೀರವೆಂದು ಸಭೆ ಒಪ್ಪಿದೆ. ಆಕೆಯ ಕೆಲಸದ ಹೊರೆ ಅಳೆಯಲು ಐದನೇ ರಿಜಿಸ್ಟರ್ ಬರುತ್ತಿದೆ. ಮೂರು ಪ್ರತಿ, ಪ್ರತಿ ತಿಂಗಳ 5ರೊಳಗೆ.